ರಾತ್ರಿ ತಂಗುವ ಊರು ಯಾವುದು? ಗದಗ ಸೀಮೆಯ ನಾಲ್ಕು ದಿನಗಳ ಪ್ರವಾಸ ಮತ್ತು ವರ್ತಕರ ಹೊಣೆ

ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ 1986ರಲ್ಲಿ ಹಂಪಿ ಸೇರಿತು. ಮರುವರ್ಷ, ಅಂದರೆ 1987ರಲ್ಲಿ, ಪಟ್ಟದಕಲ್ಲು ಸೇರಿತು. ಈ ಎರಡು ತಾಣಗಳ ನಡುವೆ ಸಂಚರಿಸುವ ಪ್ರವಾಸಿಗನಿಗೆ, ಹಾಗೆಯೇ ಹುಬ್ಬಳ್ಳಿಯಲ್ಲಿ ಇಳಿದು ಹೊಸಪೇಟೆಯ ಕಡೆಗೆ ಹೊರಟವನಿಗೆ, ಗದಗ ದಾರಿಯಲ್ಲಿಯೇ ಸಿಗುವ ಊರು. ಆದರೆ ದಾರಿಯಲ್ಲಿ ಸಿಗುವುದು ಬೇರೆ, ತಂಗುವ ಊರಾಗುವುದು ಬೇರೆ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಸಾಗುವ ಕಾರು ಗದಗಿನ ಹೊರವಲಯದಲ್ಲಿ ಒಂದು ಚಹಾಕ್ಕೆ ನಿಲ್ಲುತ್ತದೆ. ಹೆಚ್ಚೆಂದರೆ ಲಕ್ಕುಂಡಿಯಲ್ಲಿ ಒಂದು ತಾಸು ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಹೊಸಪೇಟೆಯನ್ನು ತಲುಪಿಬಿಡುತ್ತದೆ. ಊಟ, ಕೋಣೆ, ಖರೀದಿ ಎಲ್ಲವೂ ಮುಂದಿನ ಊರಿನ ಪಾಲಾಗುತ್ತವೆ.

ಈ ವ್ಯತ್ಯಾಸವನ್ನು ವರ್ತಕರ ಲೆಕ್ಕದಲ್ಲಿಯೇ ನೋಡಬಹುದು. ನಾಲ್ವರ ಕುಟುಂಬವೊಂದು ಹಾದುಹೋದರೆ ಊರಿಗೆ ದಕ್ಕುವುದು ನಾಲ್ಕು ಕಪ್ ಚಹಾ ಮತ್ತು ಬಹುಶಃ ಸ್ವಲ್ಪ ಇಂಧನದ ವ್ಯಾಪಾರ. ಅದೇ ಕುಟುಂಬ ಒಂದು ರಾತ್ರಿ ತಂಗಿದರೆ ಎರಡು ಕೋಣೆ, ಚಾಲಕನಿಗೆ ಒಂದು ಹಾಸಿಗೆ, ರಾತ್ರಿಯ ಊಟ ಮತ್ತು ಬೆಳಗಿನ ಉಪಾಹಾರ ಸೇರಿ ಹತ್ತು ತಟ್ಟೆ, ಔಷಧ ಅಂಗಡಿಯಲ್ಲಿ ಒಂದು ಚೀಟಿ, ಹಣ್ಣಿನ ಗಾಡಿಯಲ್ಲಿ ಒಂದು ಚೀಲ, ಮನಸ್ಸು ಬಂದರೆ ಒಂದು ಸೀರೆ. ಆದ್ದರಿಂದ ಬಹುದಿನದ ಪ್ರಯಾಣದಲ್ಲಿ ತಂಗುದಾಣವನ್ನು ಹೇಗೆ ಆರಿಸಿಕೊಳ್ಳಬೇಕೆಂಬುದು ಪ್ರವಾಸಿಗನ ಪ್ರಶ್ನೆ ಮಾತ್ರವಲ್ಲ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ಪೇಟೆಗಳಿಗೂ ಅದು ಸಂಬಂಧಿಸಿದ ಪ್ರಶ್ನೆಯಾಗಿದೆ.

ಬಂಡಿಯ ಕಾಲದ ಮಜಲುಗಳು

ಮೋಟಾರು ಬರುವ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿರಲಿಲ್ಲ, ಎತ್ತುಗಳೇ ಉತ್ತರಿಸುತ್ತಿದ್ದವು. ಸರಕು ತುಂಬಿದ ಬಂಡಿ ಒಂದು ಹಗಲಿನಲ್ಲಿ ಸುಮಾರು 20ರಿಂದ 25 ಕಿಲೋಮೀಟರ್ ಸಾಗಬಲ್ಲದು. ಗದಗಿನಿಂದ ಡಂಬಳಕ್ಕೆ ಸುಮಾರು 20 ಕಿ.ಮೀ.; ಡಂಬಳದಿಂದ ಮುಂಡರಗಿಗೂ ಹೆಚ್ಚುಕಡಿಮೆ ಅಷ್ಟೇ. ಹಗಲು ಮುಗಿಯುವಲ್ಲಿ ನೀರು, ಮೇವು, ಗುಡಿ, ಪೇಟೆ ಇರುವ ಊರು ಸಿಗುತ್ತಿತ್ತು. ಅಂಥ ಊರಿನಲ್ಲಿ ವ್ಯಾಪಾರವೂ ಬೆಳೆಯುತ್ತಿತ್ತು.

ಇದಕ್ಕೆ ಡಂಬಳವೇ ಸಾಕ್ಷಿ. ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕ್ರಿ.ಶ. 1095ರ ಸುಮಾರಿಗೆ, ಇಲ್ಲಿ ಹಾಕಿಸಿದ ಶಾಸನವು ಎರಡು ಬೌದ್ಧ ವಿಹಾರಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಒಂದನ್ನು ಕಟ್ಟಿಸಿದವರು ಊರಿನ ಹದಿನಾರು ಸೆಟ್ಟಿಗಳು. ತಾರಾದೇವಿಯ ಇನ್ನೊಂದು ವಿಹಾರವನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಒಬ್ಬ ಸೆಟ್ಟಿ. ಒಂದು ಊರಿನ ವರ್ತಕರು ಒಟ್ಟಾಗಿ, ಪಕ್ಕದ ಊರಿನ ವರ್ತಕನೊಬ್ಬ ತಾನಾಗಿ, ಬಂದುಹೋಗುವವರ ದಾರಿಯಲ್ಲಿ ಹಣ ತೊಡಗಿಸಿದ ದಾಖಲೆ ಇದು. ಒಂಬತ್ತು ಶತಮಾನಗಳು ಕಳೆದರೂ ಅದರ ಅರ್ಥ ಹಳೆಯದಾಗಿಲ್ಲ.

ಬಸ್ಸು ಮತ್ತು ರೈಲು ಬಂದ ಬಳಿಕ ಬಂಡಿಯ ಮಜಲುಗಳು ಅಳಿದವು. ಅರ್ಧ ದಿನದಲ್ಲಿ ಸುತ್ತಿ ಮುಗಿಸಬಹುದಾದ ಸೀಮೆಯಲ್ಲಿ ರಾತ್ರಿ ಉಳಿಯುವ ಅಗತ್ಯವೇ ಇಲ್ಲವಾಯಿತು. ಇಂದು ಪ್ರವಾಸಿಗನು ಒಂದು ಊರಿನಲ್ಲಿ ತಂಗಬೇಕಾದರೆ, ದೂರವು ಅವನನ್ನು ತಡೆಯುವುದಿಲ್ಲವಾದ್ದರಿಂದ, ಬೇರೇನಾದರೂ ತಡೆಯಬೇಕು.

ಸಂಜೆ ಮತ್ತು ಬೆಳಗಿನ ಸೂತ್ರ

ಆ ಬೇರೇನು ಎಂಬುದನ್ನು ಸರಳವಾಗಿ ಹೇಳಬಹುದು. ಹಗಲು ಹೊತ್ತಿನಲ್ಲಿ ನೋಡಿ ಮುಗಿಸಬಹುದಾದ ಊರು ತಂಗುದಾಣವಾಗುವುದಿಲ್ಲ. ಸಂಜೆ ಐದರ ನಂತರ ಅಥವಾ ಬೆಳಿಗ್ಗೆ ಎಂಟರ ಒಳಗೆ ಮಾತ್ರ ದೊರೆಯುವ ಏನನ್ನಾದರೂ ಕೊಡಬಲ್ಲ ಊರು ತಂಗುದಾಣವಾಗುತ್ತದೆ. ನಕ್ಷೆಯಲ್ಲಿ ಕಿಲೋಮೀಟರ್ ಎಣಿಸಿ ತಂಗುವ ಊರನ್ನು ಆರಿಸುವವನು ಹಲವು ವೇಳೆ ಮಲಗಲು ಮಾತ್ರ ಯೋಗ್ಯವಾದ ಊರಿನಲ್ಲಿ ಉಳಿಯುತ್ತಾನೆ. ಸಂಜೆ ಮತ್ತು ಬೆಳಗನ್ನು ಎಣಿಸಿ ಆರಿಸುವವನಿಗೆ ಅದೇ ಖರ್ಚಿನಲ್ಲಿ ಎರಡು ಪಟ್ಟು ಪ್ರವಾಸ ದಕ್ಕುತ್ತದೆ.

ಇದರ ಜೊತೆಗೆ ಇನ್ನೆರಡು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಒಂದು, ಹೋದ ದಾರಿಯಲ್ಲಿಯೇ ಹಿಂದಿರುಗಬಾರದು. ಹಾದಿ ಸುತ್ತು ಹಾಕಿ ಹೊರಟಲ್ಲಿಗೆ ಬರಬೇಕು. ಎರಡು, ದಿನದ ಪ್ರಯಾಣವು ಎರಡು ತಾಸುಗಳನ್ನು ಮೀರಬಾರದು. ಉಳಿದ ಹೊತ್ತು ನೋಡುವುದಕ್ಕೆ, ಉಣ್ಣುವುದಕ್ಕೆ, ಕೊಳ್ಳುವುದಕ್ಕೆ ಇರಬೇಕು. ಈ ಮೂರು ಸೂತ್ರಗಳನ್ನು ಇಟ್ಟುಕೊಂಡು ಗದಗ ಸೀಮೆಯನ್ನು ನೋಡಿದರೆ, ಮೂರು ರಾತ್ರಿ ಮತ್ತು ನಾಲ್ಕು ಹಗಲಿನ ಒಂದು ಸುತ್ತು ತಾನಾಗಿ ರೂಪುಗೊಳ್ಳುತ್ತದೆ.

ಮೊದಲ ರಾತ್ರಿ: ಗದಗ-ಬೆಟಗೇರಿ

ಹುಬ್ಬಳ್ಳಿಯಿಂದ ಸುಮಾರು 58 ಕಿ.ಮೀ. ದೂರದಲ್ಲಿರುವ ಗದಗ ರೈಲು ಜಂಕ್ಷನ್ ಆಗಿದ್ದು, ಸೊಲ್ಲಾಪುರದ ಕಡೆಯ ಮಾರ್ಗ ಇಲ್ಲಿಂದಲೇ ಕವಲೊಡೆಯುತ್ತದೆ. ನಾಲ್ಕು ಊರುಗಳಲ್ಲಿ ವಸತಿಗೃಹಗಳ ಅನುಕೂಲ ಹೆಚ್ಚಾಗಿರುವುದೂ ಜಿಲ್ಲಾ ಕೇಂದ್ರವಾದ ಇಲ್ಲಿಯೇ. ಮಧ್ಯಾಹ್ನ ಬಂದಿಳಿದವನು ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ತ್ರಿಕೂಟೇಶ್ವರನನ್ನೂ, ಅದೇ ಆವರಣದಲ್ಲಿ ನುಣುಪಾಗಿ ಕೆತ್ತಿದ ಕಂಬಗಳಿರುವ ಸರಸ್ವತಿ ಗುಡಿಯನ್ನೂ ನೋಡಬಹುದು. ಸಂಜೆಯ ಹೊತ್ತಿಗೆ ವೀರನಾರಾಯಣನ ಗುಡಿ ಜನರಿಂದ ತುಂಬುತ್ತದೆ. ಕುಮಾರವ್ಯಾಸನು ತನ್ನ ಭಾರತವನ್ನು ಇಲ್ಲಿಯೇ ರಚಿಸಿದನೆಂಬುದು ನಾಡಿನ ನಂಬಿಕೆ. ಪಂಚಾಕ್ಷರಿ ಗವಾಯಿಗಳು ಮತ್ತು 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ವಿದ್ಯಾರ್ಥಿಗಳ ಸಂಗೀತಾಭ್ಯಾಸ ನಡೆಯುತ್ತದೆ. ಇವೆಲ್ಲವೂ ಬಿಸಿಲಿನಲ್ಲಿ ಓಡುತ್ತ ನೋಡುವಂಥವಲ್ಲ. ಸಂಜೆಯ ಬಿಡುವಿನಲ್ಲಿ ಅನುಭವಿಸುವಂಥವು.

ಬೆಟಗೇರಿಯ ಮಗ್ಗಗಳ ಮಾತು ಬೇರೆ. ಪ್ರವಾಸಿಗನು ಅಂಗಡಿಯಲ್ಲಿ ಸೀರೆಯನ್ನು ನೋಡುತ್ತಾನೆ. ಮಗ್ಗದ ಮುಂದೆ ನಿಂತಾಗ ಅದರ ಬೆಲೆಯನ್ನು ಅರಿಯುತ್ತಾನೆ. ಗಜೇಂದ್ರಗಡ ಭಾಗದ ಪಟ್ಟೇದ ಅಂಚಿನ ಸೀರೆಗೆ ಇತ್ತೀಚಿನ ವರ್ಷಗಳಲ್ಲಿ ದೂರದ ನಗರಗಳಲ್ಲಿ ಬೇಡಿಕೆ ಮೂಡಿರುವುದು, ಹಳ್ಳಿಯ ಗಟ್ಟಿ ಬಟ್ಟೆಗೂ ಅಭಿಮಾನದ ಗ್ರಾಹಕರು ಇದ್ದಾರೆಂಬುದನ್ನು ತೋರಿಸಿಕೊಟ್ಟಿದೆ. ಮಗ್ಗವನ್ನು ತೋರಿಸಲು ಒಪ್ಪುವ ನೇಕಾರ ಕುಟುಂಬಕ್ಕೆ ಅದಕ್ಕಾಗಿ ಗೌರವಧನ ಸಲ್ಲಬೇಕು ಎಂಬುದನ್ನು ಮಾತ್ರ ಮರೆಯಬಾರದು.

ವ್ಯಾಪಾರ ಮತ್ತು ಸಹಕಾರದಲ್ಲಿ ಆಸಕ್ತಿಯುಳ್ಳವರಿಗೆ ಇನ್ನೊಂದು ಕಾರಣವಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಖ್ಯಾತವಾದ ಸಂಘ 1905ರಲ್ಲಿ ಆರಂಭವಾದದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದರ ರೂವಾರಿ.

ಎರಡನೆಯ ದಿನ: ಲಕ್ಕುಂಡಿ, ಡಂಬಳ, ರಾತ್ರಿ ಮುಂಡರಗಿ

ಲಕ್ಕುಂಡಿ ಗದಗಿನಿಂದ ಸುಮಾರು 12 ಕಿ.ಮೀ. ಹಂಪಿಗೆ ಹೊರಟವರು ಇಲ್ಲಿಗೆ ಬರುವುದು ಸಾಮಾನ್ಯವಾಗಿ ಹನ್ನೊಂದು ಗಂಟೆಯ ನಂತರ. ಆ ಹೊತ್ತಿಗೆ ಬಿಸಿಲು ನೆತ್ತಿಗೇರಿ, ಬಳಪದ ಕಲ್ಲಿನ ನವುರಾದ ಕೆತ್ತನೆ ಕಣ್ಣಿಗೆ ಚಪ್ಪಟೆಯಾಗಿ ಕಾಣುತ್ತದೆ. ಗದಗಿನಲ್ಲಿ ತಂಗಿದವನು ಏಳು ಗಂಟೆಗೆ ಇಲ್ಲಿರಬಲ್ಲನು. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲುವಾಡದ ಬಳ್ಳಿಗಳು ಒಂದೊಂದಾಗಿ ಎದ್ದು ಕಾಣುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿಯನ್ನೂ ಬಿಸಿಲೇರುವ ಮೊದಲೇ ನೋಡಿ ಮುಗಿಸಬಹುದು. ಲಕ್ಕುಂಡಿಯ ಬೆಳಗು ಗದಗಿನ ರಾತ್ರಿಗೆ ಸಿಗುವ ಬಡ್ಡಿ ಎನ್ನಬಹುದು.

ಅಲ್ಲಿಂದ ಡಂಬಳ. ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯ ಹೊರಗೋಡೆ 24 ಕೋನಗಳ ನಕ್ಷತ್ರಾಕಾರದ ತಳವಿನ್ಯಾಸವನ್ನು ಹೊಂದಿದೆ. ಚಾಲುಕ್ಯ ಶಿಲ್ಪಿಗಳ ಲೆಕ್ಕಾಚಾರ ಇಷ್ಟು ನಿಖರವಾಗಿ ಕಾಣುವ ಕಟ್ಟಡ ಅಪರೂಪ. ಊರಿನ ಹಳೆಯ ಕೆರೆಯೂ ವಿಶಾಲವಾದುದು. ಮಧ್ಯಾಹ್ನದ ಊಟಕ್ಕೆ ಡಂಬಳವೇ ನಿಲುಗಡೆಯಾಗುವುದು ಸೂಕ್ತ. ಇಲ್ಲಿ ಶುಚಿಯಾದ ಒಂದು ಜೋಳದ ರೊಟ್ಟಿಯ ಖಾನಾವಳಿ ಮತ್ತು ಬಳಸಲು ಯೋಗ್ಯವಾದ ಶೌಚಾಲಯ ಇದ್ದರೆ, ಬಂಡಿಯ ಕಾಲದ ಮಜಲು ಅರ್ಧ ದಿನದ ಮಟ್ಟಿಗಾದರೂ ಮತ್ತೆ ಜೀವ ತಳೆಯುತ್ತದೆ.

ಎರಡನೆಯ ರಾತ್ರಿಗೆ ಮುಂಡರಗಿಯೇ ಏಕೆ ಎಂಬ ಪ್ರಶ್ನೆ ಸಹಜ. ಗದಗಿಗೆ ಹಿಂದಿರುಗಿದರೆ ಒಳ್ಳೆಯ ಕೋಣೆ ಸಿಗುತ್ತದೆ. ದೂರವೂ 40 ಕಿ.ಮೀ. ಮಾತ್ರ. ಆದರೆ ಮುಂಡರಗಿಯ ಸೀಮೆ ಸಂಜೆಯದು. ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ಶಿಂಗಟಾಲೂರಿನ ವೀರಭದ್ರೇಶ್ವರನ ಗುಡಿಯಿಂದ ನದಿಯ ಹರಹು ಕಾಣುವುದು ಬಿಸಿಲು ಇಳಿದ ಮೇಲೆಯೇ ಚೆನ್ನ. ಊರಿನ ಬೆಟ್ಟ, ಮಠ ಮತ್ತು 1858ರ ಬಂಡಾಯದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನ ನೆನಪು ಬೆಳಗಿನ ಒಂದು ತಾಸಿಗೆ ಸಾಕಷ್ಟು ಸಾಮಗ್ರಿ. ವಸತಿಯ ಮಟ್ಟಿಗೆ ಈ ಸುತ್ತಿನ ದುರ್ಬಲ ಕೊಂಡಿ ಮುಂಡರಗಿಯೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ವೃದ್ಧರು ಮತ್ತು ಚಿಕ್ಕ ಮಕ್ಕಳು ಜೊತೆಗಿದ್ದರೆ ಗದಗಿನಲ್ಲಿಯೇ ಎರಡು ರಾತ್ರಿ ಉಳಿದು ಮುಂಡರಗಿಗೆ ಹಗಲಿನಲ್ಲಿ ಬಂದುಹೋಗುವುದು ಜಾಣತನ. ಆದರೆ ದುರ್ಬಲ ಕೊಂಡಿಯೆಂದರೆ ಬಂಡವಾಳಕ್ಕೆ ತೆರೆದ ಅವಕಾಶವೂ ಹೌದು.

ಮೂರನೆಯ ದಿನ: ಶಿರಹಟ್ಟಿಯೋ, ಲಕ್ಷ್ಮೇಶ್ವರವೋ?

ಮೂರನೆಯ ದಿನದ ಹಾದಿ ಕಪ್ಪತಗುಡ್ಡದ ಮಗ್ಗುಲಲ್ಲಿ ಸಾಗುತ್ತದೆ. ಗದಗಿನ ಬಳಿಯ ಬಿಂಕದಕಟ್ಟಿಯಿಂದ ಶಿಂಗಟಾಲೂರಿನವರೆಗೆ ಹಬ್ಬಿರುವ ಈ ಬೆಟ್ಟಸಾಲು ಔಷಧಿ ಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಇದನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಗುಡ್ಡವನ್ನು ಏರಬಯಸುವವರು ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲೇ ತಿಳಿದುಕೊಂಡು, ಮುಂಜಾನೆಯೇ ಹೊರಡಬೇಕು.

ಮಧ್ಯಾಹ್ನದ ಹೊತ್ತಿಗೆ ಶಿರಹಟ್ಟಿ. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಫಕೀರೇಶ್ವರ ಮಠ ಇಲ್ಲಿಯ ಹೃದಯವಿದ್ದಂತೆ. ಇಲ್ಲಿಂದ ನಾಲ್ಕನೆಯ ದಿನದ ಮುಖ್ಯ ಆಕರ್ಷಣೆಯಾದ ಮಾಗಡಿ ಕೆರೆ ಕೇವಲ 8 ಕಿ.ಮೀ.; ಲಕ್ಷ್ಮೇಶ್ವರದಿಂದ 11 ಕಿ.ಮೀ. ಕಿಲೋಮೀಟರಿನ ಲೆಕ್ಕ ಹಿಡಿದರೆ ಶಿರಹಟ್ಟಿಯಲ್ಲಿಯೇ ತಂಗಬೇಕು. ಸಂಜೆಯ ಲೆಕ್ಕ ಹಿಡಿದರೆ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಮೂರು ಕಿಲೋಮೀಟರ್ ಉಳಿಸುವ ಸಲುವಾಗಿ ಒಂದು ಸಂಜೆಯನ್ನು ಕಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ.

ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಪುಲಿಗೆರೆ-300 ನಾಡಿನ ರಾಜಧಾನಿ. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಯನ್ನು ಈ ಊರಿನ ತಿರುಳ್ಗನ್ನಡವೆಂದು ಹೇಳಿಕೊಂಡಿರುವುದು ಪ್ರಸಿದ್ಧ. ಕೋಟೆಯಂಥ ಎತ್ತರದ ಗೋಡೆಯೊಳಗಿನ ಸೋಮೇಶ್ವರ ದೇವಾಲಯದ ವಿಶಾಲ ಆವರಣ ಸಂಜೆ ಕುಳಿತುಕೊಳ್ಳುವುದಕ್ಕೆಂದೇ ಇದ್ದಂತಿದೆ. ಶಂಖ ಬಸದಿಯೂ, ಆದಿಲಶಾಹಿ ಕಾಲದ ಮಸೀದಿಯೂ ಒಂದೇ ಊರಿನ ನಡಿಗೆಯಲ್ಲಿ ಸೇರುತ್ತವೆ. ಈಗ ತಾಲ್ಲೂಕು ಕೇಂದ್ರವೂ ಆಗಿರುವ ಇಲ್ಲಿನ ಪೇಟೆ ಕತ್ತಲಾದ ಮೇಲೂ ಚುರುಕಾಗಿರುತ್ತದೆ.

ಹೀಗೆಂದ ಮಾತ್ರಕ್ಕೆ ಶಿರಹಟ್ಟಿಗೆ ನಷ್ಟವೇನಿಲ್ಲ. ತಂಗುವ ಊರಿಗೆ ರಾತ್ರಿಯ ಊಟ ಸೇರಿದರೆ, ನಡುಹಾದಿಯ ಊರಿಗೆ ಮಧ್ಯಾಹ್ನದ ಊಟ ಸೇರುತ್ತದೆ. ಎಲ್ಲ ಊರುಗಳೂ ಎಲ್ಲವೂ ಆಗಲು ಹೊರಟರೆ ಯಾವ ಊರೂ ಏನೂ ಆಗುವುದಿಲ್ಲ.

ನಾಲ್ಕನೆಯ ಬೆಳಗು: ಮಾಗಡಿ ಕೆರೆ

ಈ ಸುತ್ತಿನ ಕೀಲಿ ಇರುವುದು ನಾಲ್ಕನೆಯ ದಿನದ ಮುಂಜಾನೆಯಲ್ಲಿ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಾಗಡಿ ಕೆರೆಯಲ್ಲಿ ದೊಡ್ಡ ಹಿಂಡುಗಳಲ್ಲಿ ಇಳಿಯುತ್ತವೆ. ಕೆರೆ ಮತ್ತು ಸುತ್ತಲಿನ ಹೊಲಗಳ ನಡುವೆ ಅವುಗಳ ಹಾರಾಟ ಕಾಣುವುದು ಸೂರ್ಯೋದಯ ಮತ್ತು ಸೂರ್ಯಾಸ್ತದ ಹೊತ್ತಿನಲ್ಲಿ. 2024ರಲ್ಲಿ ಈ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಹಕ್ಕಿಗಳು ಹೊಲಗಳ ಬೆಳೆಗೆ ಬಾಯಿ ಹಾಕುವುದನ್ನು ಸಹಿಸಿಕೊಂಡು ಬಂದ ರೈತರ ಪಾಲೂ ಈ ಗೌರವದಲ್ಲಿದೆ. ಅವರಿಗೆ ಪ್ರವಾಸದಿಂದ ಏನು ದಕ್ಕುತ್ತದೆ ಎಂಬುದು ಯೋಜನೆ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ಮಾಗಡಿಯಿಂದ ಗದಗ 26 ಕಿ.ಮೀ. ಕೆರೆ ಇರುವುದು ಲಕ್ಷ್ಮೇಶ್ವರದಿಂದ ಗದಗಿಗೆ ಮರಳುವ ದಾರಿಯಲ್ಲಿಯೇ. ಬೆಳಗಿನ ಹಕ್ಕಿಗಳನ್ನು ನೋಡಿ, ಉಪಾಹಾರ ಮುಗಿಸಿ, ಮಧ್ಯಾಹ್ನದ ರೈಲಿಗೆ ಗದಗನ್ನು ಸೇರಬಹುದು. ಸುತ್ತು ಮುಗಿಯಿತು, ಹೋದ ದಾರಿಯಲ್ಲಿ ಮರಳಿ ಬರಲಿಲ್ಲ.

ಫ್ರಾನ್ಸಿನ ಹಳ್ಳಿಗಳು ಹೇಳುವ ಪಾಠ

ಹಳ್ಳಿಗಾಡಿನ ಬಹುದಿನದ ಪ್ರಯಾಣಕ್ಕೆ ಜಗತ್ತಿನಲ್ಲಿ ಹೆಸರಾದ ದೇಶ ಫ್ರಾನ್ಸ್. ಅಲ್ಲಿ 1982ರಲ್ಲಿ ಕೆಲವು ಊರುಗಳ ಮುಖ್ಯಸ್ಥರು ಕೂಡಿ ಅತ್ಯಂತ ಸುಂದರ ಗ್ರಾಮಗಳ ಸಂಘವನ್ನು ಸ್ಥಾಪಿಸಿದರು. ಸದಸ್ಯತ್ವ ಬೇಕಾದರೆ ಗ್ರಾಮದ ಜನಸಂಖ್ಯೆ 2000 ಮೀರಿರಬಾರದು. ರಕ್ಷಿತ ಸ್ಮಾರಕ ಅಥವಾ ಸ್ಥಳ ಕನಿಷ್ಠ ಎರಡು ಇರಬೇಕು. ದೊಡ್ಡದಾಗುವುದಲ್ಲ, ಉಳಿಸಿಕೊಳ್ಳುವುದೇ ಅಲ್ಲಿ ಅರ್ಹತೆ. ಅಲ್ಲಿನ ಮನೆವಸತಿಯ ಕಾನೂನೂ ಹಾಗೆಯೇ: ಒಂದು ಮನೆಯಲ್ಲಿ ಐದಕ್ಕಿಂತ ಹೆಚ್ಚು ಕೋಣೆ, ಹದಿನೈದಕ್ಕಿಂತ ಹೆಚ್ಚು ಅತಿಥಿಗಳು ಇರುವಂತಿಲ್ಲ, ಬೆಳಗಿನ ಉಪಾಹಾರ ಕೋಣೆಯ ಬಾಡಿಗೆಯಲ್ಲಿಯೇ ಸೇರಿರಬೇಕು. ರಾತ್ರಿಯ ಊಟ ಕೊಡುವುದಾದರೆ ಆಯ್ಕೆಯ ಪಟ್ಟಿ ಇರುವುದಿಲ್ಲ. ಮನೆಯವರು ಮಾಡಿದ್ದನ್ನೇ ಅತಿಥಿಯೂ ಉಣ್ಣುತ್ತಾನೆ.

ದೊಡ್ಡ ಹೋಟೆಲು ಕಟ್ಟದೆಯೂ ತಂಗುದಾಣವಾಗಬಹುದೆಂಬುದು ಇದರ ಸಾರ. ಜೋಳದ ರೊಟ್ಟಿ, ಎಣಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಯ ಊಟಕ್ಕೆ ಆಯ್ಕೆಯ ಪಟ್ಟಿ ಬೇಕಾಗಿಯೇ ಇಲ್ಲ. ಕರ್ನಾಟಕದಲ್ಲಿ ಮನೆವಸತಿ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳುವ ವ್ಯವಸ್ಥೆಯಿದೆ. ಮುಂಡರಗಿ ಮತ್ತು ಲಕ್ಷ್ಮೇಶ್ವರದ ದೊಡ್ಡ ಹಳೆಯ ಮನೆಗಳ ಒಡೆಯರು ಇದರತ್ತ ಗಮನ ಹರಿಸುವುದು ಯೋಗ್ಯ.

ಋತುವಿನ ಲೆಕ್ಕ

ಲಾಭವನ್ನು ಹಿಗ್ಗಿಸಿ ಹೇಳುವುದು ಸಲ್ಲದು. ಹಕ್ಕಿಗಳ ಕಾಲ ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಈ ಸುತ್ತು ಯಾರಿಗೂ ಹಿತವಲ್ಲ. ಆ ಕಾಲದಲ್ಲಿ ಬರುವ ಗದಗಿನ ತೋಂಟದಾರ್ಯ ಜಾತ್ರೆ ಮತ್ತು ಆಗಿ ಹುಣ್ಣಿಮೆಯ ಫಕೀರೇಶ್ವರ ಜಾತ್ರೆಗಳ ಭಕ್ತರು ಬೇರೆ ಬಗೆಯ ಪ್ರಯಾಣಿಕರು. ಅವರ ಅಗತ್ಯಗಳೂ ಬೇರೆ. ಇನ್ನು ಶೇಂಗಾ, ಹತ್ತಿ, ಮೆಣಸಿನಕಾಯಿಯ ಸುಗ್ಗಿಯೂ ಚಳಿಗಾಲದಲ್ಲಿಯೇ ಬರುವುದರಿಂದ, ಪರಸ್ಥಳದ ಖರೀದಿದಾರರು ಇರುವ ಕೋಣೆಗಳನ್ನು ಹಿಡಿದಿರುತ್ತಾರೆ.

ಆದರೆ ಇದರಲ್ಲಿಯೇ ಪರಿಹಾರವೂ ಇದೆ. ಖರೀದಿದಾರರು ಮತ್ತು ಕಂಪನಿಗಳ ಪ್ರತಿನಿಧಿಗಳು ತಂಗುವುದು ವಾರದ ಕೆಲಸದ ದಿನಗಳಲ್ಲಿ. ಪ್ರವಾಸಿ ಕುಟುಂಬಗಳು ಬರುವುದು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ. ಒಂದೇ ಕೋಣೆ ಇಬ್ಬರಿಗೂ ಸಲ್ಲುತ್ತದೆ. ಪ್ರವಾಸಿಗರನ್ನು ಮಾತ್ರ ನಂಬಿ ಕಟ್ಟಿದ ವಸತಿಗೃಹ ನಷ್ಟಕ್ಕೀಡಾಗಬಹುದು. ವ್ಯಾಪಾರಿಗಳಿಗಾಗಿ ನಡೆಯುತ್ತಿರುವ ವಸತಿಗೃಹ ಪ್ರವಾಸಿಗರಿಗೂ ಸಜ್ಜಾದರೆ ವಾರಾಂತ್ಯದ ಖಾಲಿ ಕೋಣೆ ತುಂಬುತ್ತದೆ.

ಈಗಲೇ ಮಾಡಬಹುದಾದ ಕೆಲಸಗಳು

ಬೇಕಾಗಿರುವುದು ದೊಡ್ಡ ಬಂಡವಾಳವಲ್ಲ. ಮಾಗಡಿಗೆ ಹೊರಡುವವನಿಗೆ ಬೆಳಿಗ್ಗೆ ಐದಕ್ಕೆ ಬಿಸಿನೀರು ಮತ್ತು ಚಹಾ ಸಿಗಬೇಕು. ತಡವಾಗಿ ಬಂದವನಿಗೆ ರಾತ್ರಿ ಒಂಬತ್ತೂವರೆಗೆ ಖಾನಾವಳಿಯ ಬಾಗಿಲು ತೆರೆದಿರಬೇಕು. ಕೋಣೆಯ ದರ ಗೋಡೆಯ ಮೇಲೆ ಬರೆದಿರಬೇಕು. ಹೊರಗಿನವನಿಗೆ ಒಂದು, ಊರವನಿಗೆ ಒಂದು ಎಂದಾಗಬಾರದು. ಹೆಂಗಸರು ಅಂಜಿಕೆಯಿಲ್ಲದೆ ಬಳಸಬಹುದಾದ ಶೌಚಾಲಯ, ಚಾಲಕನಿಗೆ ಹಾಸಿಗೆ, ವಾಹನಕ್ಕೆ ಜಾಗ ಇರಬೇಕು. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ.

ನಾಲ್ಕು ಊರುಗಳ ವರ್ತಕರು ಕೂಡಿ ಒಂದೇ ಹಾಳೆಯ ನಕ್ಷೆಯನ್ನು ಮುದ್ರಿಸುವುದು ಮೊದಲ ಹೆಜ್ಜೆಯಾಗಬಹುದು. ಮುದ್ರಣಕ್ಕೆ ಹೆಸರಾದ ಗದಗಿಗೆ ಇದು ಕಷ್ಟದ ಕೆಲಸವಲ್ಲ. ಅದರಲ್ಲಿ ಊರುಗಳ ದೂರ, ಗುಡಿಗಳು ತೆರೆದಿರುವ ಸಮಯ, ಸಂತೆ ಮತ್ತು ಜಾತ್ರೆಗಳ ದಿನ, ವಸತಿಗೃಹ ಹಾಗೂ ಖಾನಾವಳಿಗಳ ವಿವರ ಇರಲಿ. ಗದಗ ನಿಲ್ದಾಣದಲ್ಲಿ ಇಳಿದವನ ಕೈಗೆ ಅದು ಸಿಗಲಿ. ಗದಗಿನ ಅಂಗಡಿಯವನು ಮುಂಡರಗಿಯ ಕೋಣೆಯನ್ನು, ಮುಂಡರಗಿಯವನು ಲಕ್ಷ್ಮೇಶ್ವರದ ಊಟವನ್ನು ಧೈರ್ಯವಾಗಿ ಶಿಫಾರಸು ಮಾಡುವಂತಾದ ದಿನ ಈ ಸುತ್ತು ನಿಜವಾಗಿ ಆರಂಭವಾಗುತ್ತದೆ. ಡಂಬಳದ ಹದಿನಾರು ಸೆಟ್ಟಿಗಳು ಒಟ್ಟಾಗಿ ಮಾಡಿದ್ದೂ ಇಂಥದೇ ಕೆಲಸ. ಅವರು ತಮ್ಮ ತಮ್ಮ ಅಂಗಡಿಗಳ ಜೊತೆಗೆ, ಬಂದವರು ನಿಲ್ಲುವ ಊರನ್ನೂ ಕಟ್ಟಿದರು.